ಎರೆಭೂತದ ಬೆನ್ನು ಹತ್ತಿ: ಹಿರೇಕೊಟ್ನೆಕಲ್ಲಿನಿಂದ ಜೈಸಲ್ಮೇರ್ ಮರಳಿನ ತನಕ

ರಾಜಸ್ಥಾನದ ಜೈಸಲ್ಮೇರ್ ಮತ್ತು ಬಾಡ್ಮೇರ್ ಜಿಲ್ಲೆಗಳಲ್ಲಿ ಹರಡಿಕೊಂಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನ ದೇಶಕ್ಕೆಲ್ಲ ಗೊತ್ತಾಗಿರುವುದು ಒಂದು ಹಕ್ಕಿಯಿಂದ. ಅಲ್ಲಿನವರು ಅದನ್ನು ಗೋಡಾವಣ ಅನ್ನುತ್ತಾರೆ. ಸೊಲ್ಲಾಪುರ ಕಡೆಯ ಮರಾಠಿ ಮಂದಿಗೆ ಅದು ಮಾಳಢೋಕ. ಇಂಗ್ಲಿಷ್ ಪುಸ್ತಕಗಳಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಕನ್ನಡದಲ್ಲಿ ಅದಕ್ಕೆ ಹೆಬ್ಬಕ ಅಂತಲೂ ಎರೆಭೂತ ಅಂತಲೂ ಹೆಸರಿದೆ.

ಎರೆ ಅಂದರೇನು ಅಂತ ಮಾನ್ವಿ, ಸಿಂಧನೂರು, ದೇವದುರ್ಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗೆ ಕಾಲು ಹಿಡಿದು ಬಿಡದ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುವ ನಮ್ಮ ಕರಿ ನೆಲ. ಈಗ ಮರುಭೂಮಿಯ ಹಕ್ಕಿ ಅಂತ ಎಲ್ಲರೂ ಕರೆಯುವ ಹಕ್ಕಿಗೆ ನಮ್ಮ ಹಿರಿಯರು ನಮ್ಮ ಹೊಲದ ಮಣ್ಣಿನ ಹೆಸರಿಟ್ಟಿದ್ದಾರೆ. ಕಾಣದ ಹಕ್ಕಿಗೆ ಯಾರೂ ಹಂಗೆ ಹೆಸರಿಡುವುದಿಲ್ಲ. ಭೂತ ಅಂತ ಯಾಕೆ ಸೇರಿಸಿದರೋ! ನಮ್ಮ ಊಹೆ ಇಷ್ಟು: ಸೊಂಟದ ತನಕ ಬರುವ ಹಕ್ಕಿ ಒಣ ಹುಲ್ಲಿನ ಬಣ್ಣದಲ್ಲಿ ಬೆರೆತು ನಿಂತಿರುತ್ತದೆ, ಏನೂ ಇಲ್ಲದ ಬಯಲಲ್ಲಿ ಒಮ್ಮೆಲೇ ಎದುರಾಗುತ್ತದೆ. ಎದೆ ಝಲ್ ಅಂದಿರಬೇಕು.

ನಮ್ಮ ತಂಡದಲ್ಲಿ ಒಬ್ಬನ ಊರು ಹಿರೇಕೊಟ್ನೆಕಲ್. ಕಳೆದ ಚಳಿಗಾಲದಲ್ಲಿ ಅವನ ಊರ ಕಟ್ಟೆ ಮೇಲೆ ಕೂತು ಫೋನಿನಲ್ಲಿ ಈ ಹಕ್ಕಿಯ ಚಿತ್ರ ತೋರಿಸಿದೆವು. ಹುಡುಗರು ಉಷ್ಟ್ರಪಕ್ಷಿ ಅಂದರು, ಒಬ್ಬ ಕೊಕ್ಕರೆ ಅಂದ. ಎಂಬತ್ತು ದಾಟಿದ ಅಜ್ಜ ಒಬ್ಬರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಹೇಳಿದರು: "ಇದು ಹುಲ್ಲಾಗ ನಿಂತ್ರ ಕುರಿಮರಿ ನಿಂತಂಗ ಕಾಣ್ತಿತ್ತು ತಮ್ಮಾ. ಏಳಬೇಕಾದ್ರ ಒಂದೀಟು ಓಡಿ ಆಮ್ಯಾಲ ಏಳ್ತಿತ್ತು. ಕಾಲುವಿ ಬಂದ ಮ್ಯಾಲ ನಾ ನೋಡಿಲ್ಲ."

ಎಪ್ಪತ್ತು ವರ್ಷದ ಹಿಂದಿನ ಮಾತು ಅದು. ಆ ಹಕ್ಕಿ ಎಲ್ಲಿಗೆ ಹೋಯಿತು ಅಂತ ಹುಡುಕಿಕೊಂಡು ನಾವು ನಾಲ್ವರು ಒಂದು ಹಳೆ ಬೊಲೆರೊದಲ್ಲಿ ಎರಡು ಡೇರೆ, ಒಂದು ಗ್ಯಾಸ್ ಒಲೆ, ಒಂದು ಚೀಲ ಜೋಳದ ಹಿಟ್ಟು ಹಾಕಿಕೊಂಡು ಹೊರಟೆವು. ದೇವದುರ್ಗ ದಾಟಿ ತಿಂಥಣಿ ಸೇತುವೆಯಲ್ಲಿ ಕೃಷ್ಣೆಯನ್ನು ಬಿಟ್ಟು, ಸುರಪುರ, ತಾಳಿಕೋಟೆ, ವಿಜಯಪುರ, ಸೊಲ್ಲಾಪುರ. ಮುಂದೆ ಮಹಾರಾಷ್ಟ್ರ, ಗುಜರಾತ್ ದಾಟಿದರೆ ಬಾಡ್ಮೇರ್, ಜೈಸಲ್ಮೇರ್. ದಾರಿಯ ಕಷ್ಟಸುಖ ಬರೆದರೆ ಅದೇ ಒಂದು ಪುರಾಣವಾಗುತ್ತದೆ. ಇಲ್ಲಿ ಹಕ್ಕಿಯ ಚರಿತ್ರೆಗೆ ಬೇಕಾದಷ್ಟೇ ಹೇಳುತ್ತೇವೆ.

ಡೇರೆ ಕಟ್ಟಿಕೊಂಡು ಈ ಹಕ್ಕಿಯ ಹಿಂದೆ ಹೋದವರಲ್ಲಿ ನಾವೇನೂ ಮೊದಲಿನವರಲ್ಲ. ಇನ್ನೂರು ವರ್ಷದ ಹಿಂದೆ ಕಂಪನಿ ಸರಕಾರದ ಸಾಹೇಬರು ದಖನ್ ಸೀಮೆಯಲ್ಲಿ ದೌರೆ ಹೊರಟರೆ ಊರ ಹೊರಗಿನ ತೋಪಿನಲ್ಲಿ ಮೊಕ್ಕಾಂ ಬೀಳುತ್ತಿತ್ತು. ಹಗಲು ಕಾಗದ ಪತ್ರ, ಬೆಳಗು ಸಂಜೆ ಬಂದೂಕು. ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೇನಾಧಿಕಾರಿ ಮುಂಬಯಿ ಸರಕಾರದ ಪರವಾಗಿ ದಖನ್ನಿನ ಅಂಕಿಅಂಶ ಸೇರಿಸುತ್ತಾ ತಿರುಗಿದವನು. ಜನ, ಬೆಳೆ, ಹವೆಯ ಜತೆಗೆ ಹಕ್ಕಿಗಳನ್ನೂ ಬರೆದಿಟ್ಟ. ಈ ಹಕ್ಕಿ ದಖನ್ನಿನಲ್ಲಿ ಸಾಮಾನ್ಯ ಅಂತ ಅವನ ಬರಹದಲ್ಲಿದೆ. ಒಬ್ಬ ಮಹಾಶಯ ತಾನೊಬ್ಬನೇ ಸಾವಿರದಷ್ಟು ಹೊಡೆದಿದ್ದ ಅಂತಲೂ ಇದೆ.

ಆ ಸಾವಿರ ಅನ್ನುವ ಲೆಕ್ಕವನ್ನು ಹಕ್ಕಿಯ ಕಡೆಯಿಂದ ನೋಡಬೇಕು. ಎರೆಭೂತ ಗೂಡು ಕಟ್ಟುವುದಿಲ್ಲ. ಹೆಣ್ಣು ಹಕ್ಕಿ ಬಯಲು ನೆಲದ ಮೇಲೆ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ತತ್ತಿ ಇಡುತ್ತದೆ, ನಾಲ್ಕು ವಾರದ ಹತ್ತಿರ ಒಂಟಿಯಾಗಿ ಕಾವು ಕೂರುತ್ತದೆ. ಗಂಡು ಕೈಗೂಡಿಸುವುದಿಲ್ಲ. ನಾಯಿ, ನರಿ, ಕಾಗೆ, ಕುರಿ ಹಿಂಡಿನ ಕಾಲು, ಟ್ರ್ಯಾಕ್ಟರಿನ ಗಾಲಿ, ಯಾವುದು ಬಂದರೂ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು. ಕೌಜುಗ ಒಂದು ಸಲಕ್ಕೆ ಆರೆಂಟು ತತ್ತಿ ಇಟ್ಟು ಸಾಲ ತೀರಿಸುತ್ತದೆ. ಎರೆಭೂತಕ್ಕೆ ಆ ದಾರಿ ಇಲ್ಲ. ಗಂಡು 15 ಕಿಲೋ ತನಕ ತೂಗುತ್ತದೆ, ಹಾರುವ ಹಕ್ಕಿಗಳಲ್ಲಿ ಬಲು ಭಾರದ್ದು. ಬೇಟೆಗಾರನಿಗೆ ಒಂದು ಗುಂಡಿಗೆ ಅಷ್ಟು ಮಾಂಸ! ಮೇಲಾಗಿ ನಡೆದು ಬರುವ ಮನುಷ್ಯನನ್ನು ಕಂಡರೆ ದೂರ ಸರಿಯುವ ಈ ಹಕ್ಕಿ ಎತ್ತಿನ ಬಂಡಿಗೆ ಅಷ್ಟು ಬೆದರುವುದಿಲ್ಲ. ದಿನಾ ಹೊಲದಲ್ಲಿ ನೋಡಿದ್ದಲ್ಲವೇ. ಬೇಟೆಗಾರರು ಬಂಡಿ ಮರೆಯಲ್ಲೇ ಹತ್ತಿರ ಹೋಗುತ್ತಿದ್ದರು. ಸ್ವಾತಂತ್ರ್ಯದ ಹೊತ್ತಿಗೆ ಬಂಡಿಯ ಜಾಗಕ್ಕೆ ಜೀಪು ಬಂತು.

1862ರಿಂದ 1864ರ ನಡುವೆ ಅಚ್ಚಾದ ಜೆರ್ಡನ್ ಎಂಬ ವೈದ್ಯನ ಭಾರತದ ಹಕ್ಕಿಗಳ ಪುಸ್ತಕದಲ್ಲೂ ಈ ಹಕ್ಕಿಯಿದೆ. ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟಿದ ಎ.ಓ. ಹ್ಯೂಮ್ ಜತೆಗಾರನೊಂದಿಗೆ ಹೊರತಂದ ಬೇಟೆಹಕ್ಕಿಗಳ ಪುಸ್ತಕದಲ್ಲೂ ಇದೆ. ಹೌದು, ಅದೇ ಹ್ಯೂಮ್. ಶಾಲೆಯಲ್ಲಿ ನಮಗೆ ಕಾಂಗ್ರೆಸ್ಸಿನ ಹ್ಯೂಮ್ ಒಬ್ಬನನ್ನೇ ಹೇಳಿಕೊಟ್ಟಿದ್ದರು.

ಆಗ ಈ ಹಕ್ಕಿ ಪಂಜಾಬಿನ ಬಯಲಿನಿಂದ ತಮಿಳುನಾಡಿನ ತನಕ ಇತ್ತು. ಥಾರ್ ಮರುಭೂಮಿ ಅದರ ಸೀಮೆಯ ಒಂದು ಮೂಲೆ ಅಷ್ಟೇ. ಅದಕ್ಕೆ ಬೇಕಾದ್ದು ಮರಳಲ್ಲ. ಮೊಣಕಾಲೆತ್ತರದ ಹುಲ್ಲು, ನಾಲ್ಕೂ ದಿಕ್ಕು ಕಣ್ಣು ಹಾಯುವ ಬಯಲು, ಮಿಡತೆ, ಓತಿಕ್ಯಾತ, ಬಾರಿಹಣ್ಣು, ನಡುನಡುವೆ ಜೋಳ, ಕಡಲೆ, ಶೇಂಗಾ ಹೊಲ. ಇವಿಷ್ಟಿದ್ದರೆ ಸಾಕು. ಒಂದು ಕಾಲದ ನಮ್ಮ ಹಿಂಗಾರಿ ಎರೆ ಹೊಲ, ಅದಕ್ಕೆ ಅಂಟಿಕೊಂಡ ಗಾಯರಾಣ, ಬೀಳುಬಿಟ್ಟ ನೆಲ ಅಂದರೆ ಇದೇ.

ಸೊಲ್ಲಾಪುರದಿಂದ ಬಾರ್ಶಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋದರೆ ನಾನ್ನಜ್ ಅಂತ ಊರು. ಮೊದಲ ರಾತ್ರಿ ನಾವು ಆ ರಸ್ತೆಯ ಒಬ್ಬ ರೈತರ ಕಣದಲ್ಲಿ ಡೇರೆ ಹಾಕಿದೆವು. ಅವರಿಗೆ ಕನ್ನಡ ಬರುತ್ತಿತ್ತು. ಸೊಲ್ಲಾಪುರದಲ್ಲಿ ಅದೇನು ಹೊಸದಲ್ಲ. ಮಾಳಢೋಕ ಅಂದ ತಕ್ಷಣ ಅವರು ಮೊದಲು ಮಾತಾಡಿದ್ದು ಹಕ್ಕಿಯ ಬಗ್ಗೆ ಅಲ್ಲ, ಪಹಣಿಯ ಬಗ್ಗೆ.

ಅದಕ್ಕೆ ಕಾರಣ ಇದೆ. 1979ರಲ್ಲಿ ಮಹಾರಾಷ್ಟ್ರ ಸರಕಾರ ಇಲ್ಲಿ ಮಾಳಢೋಕ ಅಭಯಾರಣ್ಯ ಘೋಷಿಸಿದಾಗ ಅದರ ವಿಸ್ತಾರ 8,496 ಚದರ ಕಿ.ಮೀ. ನಮ್ಮ ಇಡೀ ರಾಯಚೂರು ಜಿಲ್ಲೆಯಷ್ಟು ದೊಡ್ಡದು! ಕಾಗದದ ಮೇಲೆ ಊರು, ಪೇಟೆ, ಹೆದ್ದಾರಿ, ಕಬ್ಬಿನ ಗದ್ದೆ ಎಲ್ಲವೂ ಅಭಯಾರಣ್ಯ. ಹುಲ್ಲಿನ ಬಯಲು ಇದ್ದದ್ದು ಅದರೊಳಗೆ ಅಲ್ಲೊಂದು ಇಲ್ಲೊಂದು ತುಂಡು. ಹೊಲ ಮಾರುವುದಕ್ಕೆ, ಕಟ್ಟಡ ಕಟ್ಟುವುದಕ್ಕೆ ಅಡ್ಡಿ ಬಂದಾಗ ಜನ ಹಕ್ಕಿಯನ್ನೇ ಬೈದರು. ಕಡೆಗೆ ಅಭಯಾರಣ್ಯವನ್ನು 1,222 ಚದರ ಕಿ.ಮೀ.ಗೆ ಇಳಿಸಿದರು. ಅಷ್ಟರಲ್ಲಿ ಹಕ್ಕಿಯೂ ಇಳಿದುಹೋಗಿತ್ತು.

ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಕರೇರಾದಲ್ಲಿ ಇನ್ನೂ ಕೆಟ್ಟದ್ದಾಯಿತು. ಅಲ್ಲಿ 1981ರಲ್ಲಿ ಅಭಯಾರಣ್ಯ ಆಯಿತು. ಮೊದಮೊದಲು ಹಕ್ಕಿ ಹೆಚ್ಚಿದವು. ಜತೆಗೆ ಚಿಗರಿಗಳೂ ಹೆಚ್ಚಿ ಬೆಳೆಗೆ ನುಗ್ಗಿದವು. ಹೊಲ ಮಾರಲಿಕ್ಕೂ ಆಗದ, ಬೆಳೆ ಕಾಯಲಿಕ್ಕೂ ಆಗದ ರೈತರ ಸಿಟ್ಟು ಹಕ್ಕಿಯ ಮೇಲೆ ತಿರುಗಿತು. 1990ರ ದಶಕದಲ್ಲಿ ಕರೇರಾದಲ್ಲಿ ಒಂದು ಹಕ್ಕಿಯೂ ಉಳಿಯಲಿಲ್ಲ. ಹಕ್ಕಿಯೇ ಇಲ್ಲದ ಅಭಯಾರಣ್ಯ ಮಾತ್ರ ಎಷ್ಟೋ ವರ್ಷ ಜನರ ಪಹಣಿ ಮೇಲೆ ಕೂತಿತ್ತು. ಹಳ್ಳಿ ಮಂದಿಯನ್ನು ಕೇಳದೆ ಗೆರೆ ಎಳೆದರೆ ಏನಾಗುತ್ತದೆ ಅನ್ನುವುದಕ್ಕೆ ನಮಗೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಕ್ಕಿಲ್ಲ.

ನಮ್ಮ ರಾಜ್ಯದ ಕತೆ ಬೇರೆ ಥರ. 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿ.ಮೀ. ಕೃಷ್ಣಮೃಗ ಅಭಯಾರಣ್ಯ ಆಯಿತು. ಎರೆಭೂತವೂ ಅಲ್ಲಿತ್ತು. ಆದರೆ ಆ ಬಯಲಿನಲ್ಲಿ ಅದಕ್ಕೂ ಮೊದಲಿಂದ ನೀಲಗಿರಿ ನೆಡುತ್ತಾ ಬಂದಿದ್ದರು. ಗಿಡ ಸಣ್ಣವಿದ್ದಾಗ ಹಕ್ಕಿಗೆ ಮರೆಯಾಯಿತು, ಗಿಡ ಮರವಾದಾಗ ಬಯಲೇ ಮಾಯವಾಯಿತು. ಅರಣ್ಯ ಅಂದರೆ ಮರ ಅನ್ನುವ ಲೆಕ್ಕ ನಮ್ಮ ಸರಕಾರಗಳ ತಲೆಯಲ್ಲಿ ಬ್ರಿಟಿಷರ ಕಾಲದಿಂದ ಕೂತಿದೆ. ಹುಲ್ಲಿನ ಬಯಲು ಅಂದರೆ 'ಪಾಳು'. ಪಾಳು ಅಂತ ಬರೆದ ಮೇಲೆ ಅದಕ್ಕೆ ಗಿಡ ನೆಡಬಹುದು, ಕಾರ್ಖಾನೆಗೆ ಕೊಡಬಹುದು, ಪಟ್ಟಾ ಹಂಚಬಹುದು. ಅಲ್ಲಿ ಕುರಿ ಮೇಯುತ್ತಿದ್ದವು ಅನ್ನುವುದಕ್ಕೆ ಕಾಗದದಲ್ಲಿ ಕಾಲಂ ಇರುವುದಿಲ್ಲ.

ಇನ್ನು ಕಾಲುವೆ. ಅಜ್ಜ ಹೇಳಿದ ಕಾಲುವೆ ತುಂಗಭದ್ರಾ ಎಡದಂಡೆಯದು. ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ ಸೇರಿ 1945ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವು. 1953ರಲ್ಲಿ ನೀರು ಹರಿಯಿತು. 220 ಕಿ.ಮೀ.ಗೂ ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು ತಾಲೂಕುಗಳ ಹಣೆಬರಹ ಬದಲಿಸಿತು. ಬರಕ್ಕೆ ಊರು ಬಿಡುತ್ತಿದ್ದ ಜನ ಭತ್ತ ಬೆಳೆದರು. ಅದನ್ನು ತಪ್ಪು ಅನ್ನುವ ಧೈರ್ಯ ನಮಗಿಲ್ಲ. ನಮ್ಮ ಓದಿನ ಫೀಜು ಬಂದದ್ದು ಭತ್ತದ ದುಡ್ಡಿನಿಂದ. ಕಾಲುವೆಯ ಕೊನೆಯಂಚಿನ ಮಾನ್ವಿ ರೈತರು ಇವತ್ತಿಗೂ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಆದರೆ ಎರೆಯಲ್ಲಿ ನೀರು ನಿಂತ ದಿನ ಎರೆಭೂತಕ್ಕೆ ನಿಲ್ಲಲು ಜಾಗ ಇಲ್ಲದಾಯಿತು ಅನ್ನುವುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹೇಳಬೇಕು.

ಬಾಡ್ಮೇರಿನಿಂದ ಜೈಸಲ್ಮೇರಿಗೆ ಹೋಗುವ ರಸ್ತೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಬನ್ನಿ ಮರ. ದಸರೆಗೆ ನಾವು ಎಲೆ ಹಂಚಿಕೊಂಡು ಬಂಗಾರದಂಗ ಇರೋಣು ಅನ್ನುತ್ತೇವಲ್ಲ, ಅದೇ ಬನ್ನಿ. ಅಲ್ಲಿ ಅದಕ್ಕೆ ಖೇಜ್ರಿ ಅಂತಾರೆ. ಅದರ ಕಾಯಿ ಒಣಗಿಸಿ ಪಲ್ಯ ಮಾಡುತ್ತಾರೆ, ಎಲೆ ಆಡಿಗೆ ಹಾಕುತ್ತಾರೆ. ಜೋಧಪುರದ ಹತ್ತಿರ ಖೇಜಡ್ಲಿ ಎಂಬ ಊರಲ್ಲಿ 1730ರಲ್ಲಿ ಅರಮನೆಯವರು ಈ ಮರ ಕಡಿಯಲು ಬಂದಾಗ ಅಮೃತಾದೇವಿ ಎಂಬ ಹೆಣ್ಣುಮಗಳು ಮರ ತಬ್ಬಿ ನಿಂತಳು. ಅವಳ ಹಿಂದೆ ಒಬ್ಬೊಬ್ಬರಾಗಿ 363 ಬಿಷ್ಣೋಯಿ ಜನ ಪ್ರಾಣ ಕೊಟ್ಟರು ಅಂತ ಅಲ್ಲಿನವರು ನೆನೆಯುತ್ತಾರೆ.

ಬನ್ನಿಯ ಜತೆಗೆ ನಮ್ಮ ಬಳ್ಳಾರಿ ಜಾಲಿಯೂ ಅಲ್ಲಿ ಹಾಜರು. ವಿಲಾಯತಿ ಬಬೂಲ್ ಅಂತ ಬೈಯುತ್ತಾರೆ. ಹುಲ್ಲು ತಿನ್ನುವ ಮುಳ್ಳಿಗೆ ಯಾವ ಸೀಮೆಯಾದರೇನು.

ಜೈಸಲ್ಮೇರಿಗೆ 17 ಕಿ.ಮೀ. ಮೊದಲು ಆಕಲ್ ಅಂತ ಜಾಗ ಸಿಗುತ್ತದೆ. ಹದಿನೆಂಟು ಕೋಟಿ ವರ್ಷ ಹಿಂದಿನ ಮರದ ದಿಮ್ಮಿಗಳು ಕಲ್ಲಾಗಿ ಬಿದ್ದಿವೆ. ಅಂದರೆ ಒಂದು ಕಾಲಕ್ಕೆ ಅಲ್ಲಿ ದಟ್ಟ ಕಾಡಿತ್ತು. ಹತ್ತು ನಿಮಿಷ ನೋಡಿ ಮುಂದೆ ಹೋದೆವು. ನಮಗೆ ಹೆಚ್ಚು ಹೊತ್ತು ನಿಲ್ಲಬೇಕೆನಿಸಿದ್ದು ಖಡೀನ್ ಎಂಬ ಒಡ್ಡುಗಳ ಹತ್ತಿರ. ಕಲ್ಲಿನ ಇಳಿಜಾರಿನಿಂದ ಹರಿದು ಬರುವ ಮಳೆನೀರಿಗೆ ಅಡ್ಡಲಾಗಿ ಉದ್ದ ಮಣ್ಣಿನ ಒಡ್ಡು. ನೀರು ನಿಂತು, ಇಂಗಿ, ಮೇಲೆ ವಂಡು ಕೂರುತ್ತದೆ. ನೀರು ಆರಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ವರ್ಷಕ್ಕೆ 200 ಮಿ.ಮೀ. ಮಳೆಯೂ ಆಗದ ಸೀಮೆಯಲ್ಲಿ ಗೋಧಿ! ಪಾಲಿವಾಲ ಎಂಬ ಸಮುದಾಯ ಶತಮಾನಗಳ ಹಿಂದೆ ಬೆಳೆಸಿದ ವಿದ್ಯೆ ಇದು. ಅವರ ಊರು ಕುಲಧರಾ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಖಾಲಿಯಾಯಿತು. ದಿವಾನನ ಕಾಟಕ್ಕೆ ಒಂದೇ ರಾತ್ರಿಯಲ್ಲಿ ಬಿಟ್ಟುಹೋದರು ಅಂತ ಗೈಡುಗಳು ಕತೆ ಕಟ್ಟಿ ಹೇಳುತ್ತಾರೆ. ಮನೆಗಳಿಗಿಂತ ನಮಗೆ ಒಡ್ಡುಗಳೇ ದೊಡ್ಡವಾಗಿ ಕಂಡವು. ಮುಂಗಾರಿಯ ತೇವ ಹಿಡಿದಿಟ್ಟು ಹಿಂಗಾರಿ ಜೋಳ ಬೆಳೆಯುವ ನಮ್ಮ ಎರೆ ಒಕ್ಕಲುತನಕ್ಕೆ ಅದು ದೊಡ್ಡಪ್ಪನ ಮಗ ಇದ್ದಂತೆ.

ಮರುಭೂಮಿ ಉದ್ಯಾನ 1980ರಲ್ಲಿ ಆದದ್ದು. 3,162 ಚದರ ಕಿ.ಮೀ. ಹೆಸರು ರಾಷ್ಟ್ರೀಯ ಉದ್ಯಾನ ಅಂತಿದ್ದರೂ ಕಾನೂನಿನ ಲೆಕ್ಕದಲ್ಲಿ ಅದು ಅಭಯಾರಣ್ಯ. ಯಾಕೆಂದರೆ ರಾಷ್ಟ್ರೀಯ ಉದ್ಯಾನದೊಳಗೆ ಜನರ ಹಕ್ಕು, ದನಕರು ಮೇಯಿಸುವುದು ಯಾವುದೂ ಇರುವಂತಿಲ್ಲ. ಇಲ್ಲಿಯೋ ಎಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು, ಢಾಣಿಗಳು, ಲೆಕ್ಕವಿಲ್ಲದಷ್ಟು ಕುರಿ, ಆಡು, ಒಂಟೆ. ಸರಕಾರದ ಕೈಯಲ್ಲಿ ಬೇಲಿ ಹಾಕಿ ಕಾಯುವ ನೆಲ ಅದರಲ್ಲಿ ಸ್ವಲ್ಪವೇ. ಉಳಿದದ್ದು ಜನರ ಹೊಲ, ಮೇವಿನ ಬಯಲು. ಸೇವಣ ಅಂತ ಒಂದು ಹುಲ್ಲು, ಬುಡದಲ್ಲಿ ಒಣಗಿದ ಹಾಗೆ ಕಂಡರೂ ಒಂದು ಮಳೆಗೆ ಚಿಗುರುತ್ತದೆ. ಹಕ್ಕಿಗೂ ಕುರಿಗೂ ಅದೇ ಆಧಾರ.

ಈ ಉದ್ಯಾನ ಆಗುವ ಹೊತ್ತಿಗೆ ನಡೆದ ಒಂದು ಗಲಾಟೆ ಹೇಳಬೇಕು. 1970ರ ದಶಕದ ಕೊನೆಗೆ ಅರಬ್ ರಾಜಮನೆತನದವರು ಡೇಗೆಗಳನ್ನು ತಂದು ಜೈಸಲ್ಮೇರ್ ಬಯಲಲ್ಲಿ ಬೇಟೆಯಾಡಿದರು. ದೊಡ್ಡ ದೊಡ್ಡ ಡೇರೆ, ಸಾಲು ಸಾಲು ಗಾಡಿ. ಅವರಿಗೆ ಬೇಕಾಗಿದ್ದದ್ದು ಚಳಿಗಾಲಕ್ಕೆ ವಲಸೆ ಬರುವ ಹೌಬಾರಾ ಎಂಬ ಎರೆಭೂತದ ಸಣ್ಣ ದಾಯಾದಿ. ರಾಜಸ್ಥಾನದ ಜನ ಬೀದಿಗಿಳಿದರು, ಬೇಟೆ ನಿಂತಿತು. 1980ರಲ್ಲಿ ಜೈಪುರದಲ್ಲಿ ಈ ಜಾತಿಯ ಹಕ್ಕಿಗಳ ಬಗ್ಗೆಯೇ ಅಂತರರಾಷ್ಟ್ರೀಯ ಸಭೆ ಸೇರಿತು. ಮರುವರ್ಷ ಗೋಡಾವಣ ರಾಜಸ್ಥಾನದ ರಾಜ್ಯಪಕ್ಷಿಯಾಯಿತು. ಅದಕ್ಕೂ ಮೊದಲು ಪಕ್ಷಿತಜ್ಞ ಸಲೀಂ ಅಲಿ ಇದನ್ನೇ ರಾಷ್ಟ್ರಪಕ್ಷಿ ಮಾಡಿ ಅಂದಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಇಂಗ್ಲಿಷ್ ಹೆಸರಿನ ಒಂದೆರಡು ಅಕ್ಷರ ತಪ್ಪಿದರೆ ಬೈಗುಳ ಆಗುತ್ತದೆ ಅಂತ ಹೆದರಿ ಬಿಟ್ಟರು ಎಂದು ಹೇಳುವವರಿದ್ದಾರೆ. ಎರೆಭೂತ ಅಂತ ಕರೆದಿದ್ದರೆ ಈ ತಾಪತ್ರಯವೇ ಇರಲಿಲ್ಲ!

ಉದ್ಯಾನದೊಳಗೆ ಮನಸ್ಸಿಗೆ ಬಂದಲ್ಲಿ ಡೇರೆ ಹಾಕುವಂತಿಲ್ಲ. ಸಮ್ ಎಂಬಲ್ಲಿ ಪ್ರವಾಸಿಗರಿಗೆ ಡೇರೆಗಳ ಪಟ್ಟಣವೇ ಇದೆ, ರಾತ್ರಿಯಿಡೀ ಡಿಜೆ. ನಮಗೆ ಅದು ಒಗ್ಗಲಿಲ್ಲ. ಉದ್ಯಾನದ ಹೊರಗೆ ಒಬ್ಬ ಕುರಿಗಾರ ಅಣ್ಣನ ಮನೆ ಅಂಗಳದಲ್ಲಿ ಕೇಳಿ ಜಾಗ ಪಡೆದೆವು. ರಾಯಚೂರಿನ ನಮ್ಮ ದಖನಿ ಹಿಂದಿ, ಅವರ ಮಾರವಾಡಿ ಬೆರೆತ ಹಿಂದಿ, ಎರಡೂ ಅರ್ಧ ದಾರಿಯಲ್ಲಿ ಸೇರಿದವು. ಅವರು ಸಜ್ಜೆ ರೊಟ್ಟಿ, ಖೇಜ್ರಿ ಕಾಯಿ ಪಲ್ಯ ಕೊಟ್ಟರು. ನಾವು ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಚ್ಚಿ ಕೊಟ್ಟೆವು. ಮರಳಿಗೆ ಬಿಸಿಲು ಹೋದ ತಕ್ಷಣ ಚಳಿ. ಎರಡು ಕಂಬಳಿ ಸಾಲಲಿಲ್ಲ.

ಒಲೆ ಮುಂದೆ ಕೂತಾಗ ಅಣ್ಣ ಕೇಳಿದರು, ನಿಮ್ಮಲ್ಲೂ ನಹರ್ ಇದೆಯಾ ಅಂತ. ಇದೆ, ನಮ್ಮ ಅಜ್ಜನ ಕಾಲದ್ದು ಅಂದೆವು. ಅವರದ್ದೂ ಇದೆ. ಪಂಜಾಬಿನಲ್ಲಿ ಸಟ್ಲೆಜ್, ಬಿಯಾಸ್ ಕೂಡುವ ಹರಿಕೆಯಿಂದ ನೀರು ತರುವ ರಾಜಸ್ಥಾನ ಕಾಲುವೆಯ ಕೆಲಸ 1958ರಲ್ಲಿ ಶುರುವಾಯಿತು. ಆಮೇಲೆ ಇಂದಿರಾಗಾಂಧಿ ಹೆಸರಿಟ್ಟರು. 1980ರ ದಶಕ ಮುಗಿಯುವ ಹೊತ್ತಿಗೆ ನೀರು ಜೈಸಲ್ಮೇರ್ ಜಿಲ್ಲೆ ಮುಟ್ಟಿತು. ಸೇವಣ ಹುಲ್ಲಿನ ಬಯಲುಗಳಲ್ಲಿ ಸಾಸಿವೆ, ಗೋಧಿ, ಶೇಂಗಾ ಬಂತು. ಜತೆಗೆ ಕೀಟನಾಶಕ, ಬೇಲಿ, ನಾಯಿ. ನಮ್ಮಲ್ಲಿ 1953ರಲ್ಲಿ ಆದದ್ದೇ ಅಲ್ಲಿ ಮೂವತ್ತು ಮೂವತ್ತೈದು ವರ್ಷ ತಡವಾಗಿ ಆಗಿದೆ. ಹಕ್ಕಿ ಅಲ್ಲಿ ಉಳಿದದ್ದಕ್ಕೆ ಒಂದು ಕಾರಣ ಈ ತಡ. ಇನ್ನೊಂದು ಕಾರಣ ಕೇಳಿದರೆ ನಗು ಬರುತ್ತದೆ. 1974 ಮತ್ತು 1998ರಲ್ಲಿ ಅಣುಬಾಂಬು ಪರೀಕ್ಷೆ ನಡೆದ ಪೋಖ್ರಾನಿನ ಸೈನ್ಯದ ಗುಂಡಿನ ಬಯಲು ಈ ಹಕ್ಕಿಗೆ ಒಳ್ಳೆ ನೆಲೆ. ಅಲ್ಲಿ ಫಿರಂಗಿ ಸಿಡಿಯುತ್ತದೆ, ಆದರೆ ನೇಗಿಲು ಹೋಗುವುದಿಲ್ಲ, ಮಂದಿ ಓಡಾಡುವುದಿಲ್ಲ.

ಮೂರನೆಯದನ್ನು ಆ ಅಣ್ಣನೇ ಹೇಳಿದರು: ಓರಣ. ದೇವರ ಹೆಸರಲ್ಲಿ ಬಿಟ್ಟ ಮೇವಿನ ಬಯಲು. ಕುರಿ, ದನ ಮೇಯಬಹುದು. ಕೊಡಲಿ ಹಾಕುವಂತಿಲ್ಲ, ನೇಗಿಲು ಹೂಡುವಂತಿಲ್ಲ. ದೇಗರಾಯ ಮಾತೆಯ ಓರಣದಂಥವು ಸಾವಿರಾರು ಎಕರೆ ಇವೆ. ಕಂದಾಯ ಕಾಗದದಲ್ಲಿ ಅವುಗಳಲ್ಲಿ ಎಷ್ಟೋ ಸರಕಾರಿ ಪಾಳು ಅಂತ ದಾಖಲಾಗಿವೆ. ನಮ್ಮ ಗಾಯರಾಣದ ಕತೆಯೇ.

ಮರುದಿನ ಬೆಳಿಗ್ಗೆ ಪರವಾನಗಿ ತೆಗೆಸಿ ಸುದಾಸರಿ ಕಡೆ ಹೋದೆವು. ಬೇಲಿ ಹಾಕಿದ ಹುಲ್ಲುಬಯಲು. ಚಿಂಕಾರ, ಹದ್ದು, ರಣಹದ್ದು, ಒಂದು ಮರಳು ನರಿ. ಎರಡು ತಾಸು ಅಷ್ಟೇ. ಆಮೇಲೆ ಜತೆಗಿದ್ದ ಕಾವಲುಗಾರರು ಕೈ ತೋರಿಸಿದರು. ದೂರದಲ್ಲಿ, ದುರ್ಬೀನಿನಲ್ಲಿ ಮಾತ್ರ ಸ್ಪಷ್ಟವಾಗಿ ಕಾಣುವಷ್ಟು ದೂರದಲ್ಲಿ, ಒಂದು ಬಿಳಿ ಕುತ್ತಿಗೆ, ಕರಿ ಟೋಪಿ. ಗದ್ದ ಮೇಲೆತ್ತಿ, ಒಂದೊಂದೇ ಹೆಜ್ಜೆ ಅಳೆದು ಇಡುತ್ತಾ ನಡೆಯಿತು. ನಿಂತಿತು. ಮತ್ತೆ ನಡೆಯಿತು. ಹುಲ್ಲಿನಲ್ಲಿ ಕರಗಿತು. ಗಂಡು ಹಕ್ಕಿ ಗಂಟಲ ಚೀಲ ಉಬ್ಬಿಸಿ ಅರ್ಧ ಕಿಲೋಮೀಟರ್ ಕೇಳುವ ಹಾಗೆ ಹೂಂಕರಿಸುವುದು ಬೇಸಿಗೆ, ಮಳೆಗಾಲದಲ್ಲಿ. ನಾವು ಹೋದದ್ದು ಚಳಿಗಾಲ, ಅದು ನಮ್ಮ ಕಿವಿಗೆ ಬೀಳಲಿಲ್ಲ. ಕುರಿಮರಿ ನಿಂತಂಗ ಅಂದ ಅಜ್ಜನ ಮಾತು ಮಾತ್ರ ಅಕ್ಷರಕ್ಷರ ನಿಜ.

ಬೇಲಿ ಹೊರಗೆ ಬಂದರೆ ಎಲ್ಲ ದಿಕ್ಕಿಗೂ ವಿದ್ಯುತ್ ತಂತಿ. ಈಗಿನ ದೊಡ್ಡ ಕುತ್ತು ಇದೇ. ಎರೆಭೂತದ ಕಣ್ಣು ತಲೆಯ ಎರಡು ಬದಿಗಿವೆ. ಸುತ್ತ ಚೆನ್ನಾಗಿ ಕಾಣುತ್ತದೆ, ನೇರ ಮುಂದಿನದು ಸರಿ ಕಾಣುವುದಿಲ್ಲ. ಭಾರದ ಮೈ, ಗಕ್ಕನೆ ತಿರುಗಲು ಆಗುವುದಿಲ್ಲ. ಗಾಳಿ, ಬಿಸಿಲಿನ ಕರೆಂಟು ಸಾಗಿಸುವ ತಂತಿಗಳು ಬಯಲಿನ ಅಡ್ಡಕ್ಕೆ ಹಾದಿವೆ. ಥಾರ್‌ನಲ್ಲಿ 4,200 ಚದರ ಕಿ.ಮೀ. ಜಾಗದಲ್ಲಿ ವರ್ಷಕ್ಕೆ ಸುಮಾರು 84,000 ಹಕ್ಕಿಗಳು ತಂತಿಗೆ ಬಡಿದು ಸಾಯುತ್ತವೆ, ಅದರಲ್ಲಿ 18ರಷ್ಟು ಎರೆಭೂತ ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿತ್ತು. ರಾಜಸ್ಥಾನದಲ್ಲಿ 2017-18ರ ಅಂದಾಜಿಗೆ ಇದ್ದದ್ದೇ 128ರ ಆಸುಪಾಸು. 1969ರಲ್ಲಿ ಧರ್ಮಕುಮಾರಸಿಂಹಜಿ ದೇಶಕ್ಕೆಲ್ಲ 1,260 ಅಂತ ಅಂದಾಜು ಮಾಡಿದ್ದರು.

1972ರ ವನ್ಯಜೀವಿ ಕಾಯ್ದೆಯ ಕರಡು ಬರೆದ ಅಧಿಕಾರಿ ಎಂ.ಕೆ. ರಣಜಿತಸಿಂಹ ಸುಪ್ರೀಂ ಕೋರ್ಟಿಗೆ ಹೋದರು. 2021ರ ಏಪ್ರಿಲ್‌ನಲ್ಲಿ ಕೋರ್ಟು ಹಕ್ಕಿಯ ಸೀಮೆಯಲ್ಲಿ ತಂತಿಯನ್ನು ಆದಷ್ಟೂ ನೆಲದೊಳಗೆ ಹಾಕಿ ಅಂದಿತು. ಅದು ಅಷ್ಟು ದೊಡ್ಡ ಪ್ರದೇಶದಲ್ಲಿ ಸಾಧ್ಯವಿಲ್ಲ, ದುಬಾರಿ ಅಂತ ಸರಕಾರ ವಾದಿಸಿತು. 2024ರ ಮಾರ್ಚ್‌ನಲ್ಲಿ ಕೋರ್ಟು ಆ ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಇತ್ತ 2019ರಿಂದ ಸಮ್‌ನಲ್ಲಿ ತತ್ತಿಗಳನ್ನು ತಂದು ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡುವ ಕೆಲಸ ನಡೆದಿದೆ. 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಬಂತು. ಇದಕ್ಕೆ ವಿದ್ಯೆ ಹೇಳಿಕೊಟ್ಟವರಲ್ಲಿ ಅಬುಧಾಬಿಯ ಹೌಬಾರಾ ಸಂಸ್ಥೆಯವರೂ ಇದ್ದಾರೆ. ಬೇಟೆಗೆ ಹಕ್ಕಿ ಸಾಲದಾದಾಗ ಅವರು ಸಾಕುವುದನ್ನು ಕಲಿತಿದ್ದರು. ನಲವತ್ತು ವರ್ಷದ ಹಿಂದೆ ಡೇಗೆ ಹಿಡಿದು ಬಂದವರ ನಾಡಿನಿಂದಲೇ ಈಗ ಮರಿ ಮಾಡುವ ವಿದ್ಯೆ ಬಂದಿದೆ.

ಗೂಡಿನಲ್ಲಿ ಬೆಳೆದ ಮರಿಗಳನ್ನು ಬಿಡುವುದೆಲ್ಲಿಗೆ ಅನ್ನುವ ಪ್ರಶ್ನೆ ಅಲ್ಲಿನ ಕುರಿಗಾರರದ್ದೂ ಹೌದು. ಊರಿಗೆ ಡಾಂಬರು ರಸ್ತೆ, ಕರೆಂಟು ಬೇಕು ಅಂದರೆ ಹಕ್ಕಿ ಅಡ್ಡ ಬರುತ್ತದೆ, ಕಂಪನಿಯ ತಂತಿಗೆ ಮಾತ್ರ ಅಡ್ಡ ಬರುವುದಿಲ್ಲ ಯಾಕೆ ಅಂತ ಆ ಅಣ್ಣ ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ.

ಕರ್ನಾಟಕದಲ್ಲಿ ಎರೆಭೂತ ಪೂರ್ತಿ ಮುಗಿದಿಲ್ಲ. ಮಾನ್ವಿ, ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆ ದಾಟಿದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕು. ಭತ್ತಕ್ಕೆ ಹೆಸರಾದ ಆ ತಾಲೂಕಿನಲ್ಲೂ ಕಾಲುವೆ ಮುಟ್ಟದ ಎರೆ ಹೊಲಗಳಿವೆ. ಹತ್ತಿ, ಜೋಳ, ಕಡಲೆ ಬೆಳೆಯುತ್ತಾರೆ. ಅಲ್ಲಿ ಬೆರಳೆಣಿಕೆಯ ಹಕ್ಕಿಗಳನ್ನು ಬಳ್ಳಾರಿಯ ಹಕ್ಕಿ ವೀಕ್ಷಕರು ಎರಡು ದಶಕದಿಂದ ಈಚೆಗೆ ದಾಖಲಿಸುತ್ತಾ ಬಂದಿದ್ದಾರೆ. ಅರಣ್ಯ ಇಲಾಖೆಯೂ ಅವುಗಳ ಬೆನ್ನಿಗಿದೆ. ಅದು ಅಭಯಾರಣ್ಯದ ಗೆರೆಯೊಳಗೆ ಉಳಿದ ಹಕ್ಕಿಯಲ್ಲ, ಜನರ ಖಾಸಗಿ ಹೊಲಗಳಲ್ಲಿ ಉಳಿದದ್ದು. ರೈತರು ನೀರಾವರಿ ಕೇಳಿದರೆ ಬೇಡ ಅನ್ನಲು ಯಾರಿಗೂ ಹಕ್ಕಿಲ್ಲ. ಹಿಂಗಾರಿ ಜೋಳ, ಕಡಲೆ ಬೆಳೆಯುವವನಿಗೆ ಭತ್ತದವನಷ್ಟೇ ಆದಾಯ ಬರುವಂತೆ ಬೆಂಬಲ ಬೆಲೆ, ತತ್ತಿ ಕಂಡ ಹೊಲಕ್ಕೆ ಪರಿಹಾರ, ಉಳಿದ ಗಾಯರಾಣಕ್ಕೆ ಹುಲ್ಲುಗಾವಲು ಅಂತ ದಾಖಲೆ, ಇಷ್ಟು ಕೇಳಬಹುದು. ನಾನ್ನಜ್, ಕರೇರಾದಲ್ಲಿ ಇವು ಯಾವುದನ್ನೂ ಮಾಡಿರಲಿಲ್ಲ.

ನದಿ ಈಚೆಯ ನಮ್ಮ ಎರೆಯಲ್ಲೂ ಒಂದೊಂದು ತಾಲೂಕಿನಲ್ಲಿ ಒಣಬೇಸಾಯದ ಬಯಲು ಇನ್ನೂ ಇದೆ. ಕುರಿ ಕಾಯುವವರೇ, ಹೊಲದಲ್ಲಿ ಇರುವವರೇ, ಬಿಳಿ ಕುತ್ತಿಗೆ, ಕರಿ ನೆತ್ತಿ, ಕುರಿಮರಿಯಷ್ಟು ದೊಡ್ಡ ಹಕ್ಕಿ ಕಂಡರೆ ಹತ್ತಿರ ಹೋಗಬೇಡಿ, ಓಡಿಸಬೇಡಿ, ನಾಯಿ ಇದ್ದರೆ ಹಿಡಿದುಕೊಳ್ಳಿ. ದೂರದಿಂದ ಒಂದು ಫೋಟೊ ಸಾಕು. ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ವಾಟ್ಸ್‌ಆ್ಯಪ್ ಗುಂಪಿಗೆ, ಫೇಸ್‌ಬುಕ್ಕಿಗೆ ಊರ ಹೆಸರು, ಲೊಕೇಶನ್ ಹಾಕಬೇಡಿ, ನಮಗೂ ಕಳಿಸಬೇಡಿ. ನಿಮ್ಮ ಮನೆಯ ಅಜ್ಜ ಅಜ್ಜಿಯರು ಹಿಂದೆ ಎಂದಾದರೂ ಇದನ್ನು ನೋಡಿದ್ದರೆ, ಯಾವ ಹೆಸರಿನಿಂದ ಕರೆಯುತ್ತಿದ್ದರು, ಯಾವ ಬೆಳೆಯಲ್ಲಿ ಕಂಡಿತ್ತು, ಕಾಲುವೆ ಬರುವ ಮೊದಲೋ ಆಮೇಲೋ, ಅದನ್ನು ಮಾತ್ರ ಕೇಳಿ ಬರೆದು ಕಳಿಸಿ.